ನಿಮ್ಮೂರಿಗೆ ಬರಲಿಲ್ಲ ಅಂದರೆ ಮಳೆಯೇ ಬರಲಿಲ್ಲ ಅಂತಲ್ಲ

ಏಪ್ರಿಲ್ ಬಂತು ಅಂದರೆ ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ದೂರು: ಹವಾಮಾನ ಇಲಾಖೆಯ ಮಳೆ ಮುನ್ಸೂಚನೆ ಸುಳ್ಳಾಯಿತು ಅಂತ. ಹಾಗಾಗಿ ಈ ಸಲ ಅದಕ್ಕೇ ಹೆಚ್ಚು ಜಾಗ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ‘ಕೆಲವು ಕಡೆ ಗುಡುಗು ಸಹಿತ ಮಳೆ’ ಅಂತ ಮೂರು ದಿನ ಹೇಳಿದರು. ಕೊಯ್ದ ಭತ್ತ ಮುಚ್ಚಿಟ್ಟೆ, ಒಂದು ಹನಿ ಬೀಳಲಿಲ್ಲ. ನಾಲ್ಕನೇ ದಿನ ಒಣಗಲಿ ಅಂತ ಹರವಿದೆ. ಸಂಜೆ ಸುರಿದು ಎಲ್ಲಾ ತೊಯ್ದು ಹೋಯಿತು. ಇದನ್ನು ಹೇಗೆ ನಂಬೋದು ಸರ್? (ಗಂಗಾವತಿ)

ತೊಯ್ದ ಭತ್ತದ ಸಂಕಟ ನನಗೂ ಗೊತ್ತು. ನಮ್ಮ ಮನೆಯಲ್ಲೂ ಬೇಸಾಯ ಇದೆ. ಆದರೆ ಇಲಾಖೆ ಹೇಳಿದ್ದು ಒಂದು, ನೀವು ತಿಳಿದುಕೊಂಡದ್ದು ಇನ್ನೊಂದು.

ಹವಾಮಾನ ಇಲಾಖೆಯ ಈ ಮಾತುಗಳಿಗೆ ಲೆಕ್ಕ ಇದೆ. ಒಂದು ಭಾಗದಲ್ಲಿ ಮಳೆ ಅಳೆಯುವ ಕೇಂದ್ರಗಳಿರುತ್ತವೆ. ಅವುಗಳಲ್ಲಿ ಶೇ 25ರವರೆಗೆ ಮಳೆ ಬಿದ್ದರೆ ‘ಒಂದೆರಡು ಕಡೆ’. ಶೇ 26ರಿಂದ 50 ಆದರೆ ‘ಕೆಲವು ಕಡೆ’. ಶೇ 51ರಿಂದ 75 ‘ಹಲವು ಕಡೆ’. ಅದಕ್ಕೂ ಮೇಲೆ ಹೋದರೆ ‘ಬಹುತೇಕ ಕಡೆ’. ಈಗ ನೀವೇ ಯೋಚನೆ ಮಾಡಿ. ‘ಕೆಲವು ಕಡೆ’ ಅಂದ ದಿನ ಮಳೆ ಕಾಣದ ಊರುಗಳೇ ಜಾಸ್ತಿ, ಅಲ್ವಾ? ಬೆಳಗಿನ ಮುನ್ಸೂಚನೆ ಇಡೀ ಉತ್ತರ ಒಳನಾಡಿಗೋ ಜಿಲ್ಲೆಗೋ ಹೇಳಿದ್ದು. ನಿಮ್ಮ ಕಣಕ್ಕೆ ಹೇಳಿದ್ದಲ್ಲ.

ಬೇಸಿಗೆ ಮಳೆ ಮುಂಗಾರಿನ ಹಾಗೆ ಸಮುದ್ರದಿಂದ ದಂಡು ಕಟ್ಟಿಕೊಂಡು ಬರುವುದಿಲ್ಲ. ಅದು ಹುಟ್ಟುವುದೇ ಇಲ್ಲಿಯ ನೆಲದ ಮೇಲೆ. ಅರಬ್ಬಿ ಸಮುದ್ರದ ಕಡೆಯಿಂದ ಮತ್ತು ಬಂಗಾಳ ಕೊಲ್ಲಿಯ ಕಡೆಯಿಂದ ಬರುವ ಗಾಳಿ ನಮ್ಮ ಒಳನಾಡಿನಲ್ಲಿ ಒಂದನ್ನೊಂದು ಸಂಧಿಸುತ್ತವೆ. ಅವು ಸಂಧಿಸುವ ಗೆರೆ ಮಹಾರಾಷ್ಟ್ರದಿಂದ ಕರ್ನಾಟಕ ಹಾದು ದಕ್ಷಿಣಕ್ಕೆ ಚಾಚಿರುತ್ತದೆ. ದಿನಕ್ಕೊಂದು ಕಡೆ ಸರಿಯುತ್ತದೆ. ಬೆಳಗ್ಗೆಯಿಂದ ನೆಲ ಕಾಯುತ್ತದೆ. ಕಾದ ಗಾಳಿ ಮೇಲೇಳುತ್ತದೆ. ತೇವ ಸಿಕ್ಕಿದ ಕಡೆ ಮೋಡ ಕಟ್ಟಿ, ಹತ್ತು ಕಿಲೋಮೀಟರಿಗೂ ಎತ್ತರ ಬೆಳೆಯುತ್ತದೆ. ಅಗಲ ಮಾತ್ರ ಕೆಲವೇ ಕಿಲೋಮೀಟರ್. ಸಾಮಾನ್ಯವಾಗಿ ಒಂದು ತಾಸಿನೊಳಗೆ ಅದರ ಆಯಸ್ಸು ಮುಗಿಯುತ್ತದೆ. ಒಲೆ ಮೇಲಿಟ್ಟ ಎಸರು ಕುದಿಯುತ್ತದೆ ಅಂತ ಗೊತ್ತು. ಮೊದಲ ಗುಳ್ಳೆ ಪಾತ್ರೆಯ ಯಾವ ಮೂಲೆಯಲ್ಲಿ ಏಳುತ್ತದೆ ಅಂತ ಹೇಳಲಾದೀತೇ? ಬೆಳಗ್ಗೆ ಎಂಟಕ್ಕೆ ಮುನ್ಸೂಚನೆ ಹೇಳುವವರ ಪಾಡೂ ಅಷ್ಟೇ.

ಪಕ್ಕದೂರಿಗೆ ಹುಯ್ದು ನಿಮಗೆ ಬರದಿರುವುದಕ್ಕೂ ಕಾರಣ ಇದೇ. ದಾವಣಗೆರೆ ಹತ್ತಿರ ಒಂದು ಸಂಜೆ ನಾನು ಹೊಲದ ಬದುವಿನ ಮೇಲೆ ನಿಂತಿದ್ದೆ. ರಸ್ತೆಯ ಆಚೆ ಬದಿಯ ಎರೆ ನೆಲ ಕಪ್ಪಗೆ ನೆನೆದು ಮಿಂಚುತ್ತಿತ್ತು. ಈಚೆ ಬದಿಯಲ್ಲಿ ನನ್ನ ಚಪ್ಪಲಿ ಎತ್ತಿದರೆ ಧೂಳು. ನಡುವೆ ಇದ್ದದ್ದು ಒಂದು ಲಾರಿ ಹೋಗುವಷ್ಟು ಜಾಗ. ಆ ರಸ್ತೆಯ ಎರಡೂ ಬದಿಗೆ ಸರಿಹೋಗುವ ಮುನ್ಸೂಚನೆಯನ್ನು ಬೆಳಗ್ಗೆಯೇ ಯಾರೂ ಕೊಡಲಾರರು.

ಹಾಗಂತ ಮುನ್ಸೂಚನೆ ಬೇಡವೇ? ಖಂಡಿತ ಬೇಕು. ಎಸರು ಕಾದಿದೆಯೋ ಇಲ್ಲವೋ ಅಂತ ಅದು ಹೇಳುತ್ತದೆ. ಕಾದಿದೆ ಅಂದ ದಿನ ಭತ್ತ ಹರವಬಾರದು ಅಂತೇನಿಲ್ಲ. ಬೆಳಗ್ಗೆ ಬೇಗ ಹರವಿ. ಮಧ್ಯಾಹ್ನ ಎರಡರ ಹೊತ್ತಿಗೆ ರಾಶಿ ಮಾಡಿ. ತಾಡಪತ್ರಿ ಕೈಗೆ ಸಿಗುವಂತೆ ಪಕ್ಕದಲ್ಲೇ ಇರಲಿ, ಮನೆಯ ಅಟ್ಟದ ಮೇಲಲ್ಲ. ಮಧ್ಯಾಹ್ನದ ಮೇಲೆ ಮುಂದಿನ ಮೂರು ಗಂಟೆಗೆ ಅಂತ ಇಲಾಖೆ ಕೊಡುವ ಸೂಚನೆ ನೋಡಿ. ಮೋಡ ಹುಟ್ಟಿದ ಮೇಲೆ ರಾಡಾರ್ ಅದನ್ನು ಹಿಡಿಯುತ್ತದೆ. ಹಾಗಾಗಿ ಬೆಳಗಿನ ಮಾತಿಗಿಂತ ಅದು ಎಷ್ಟೋ ಖಚಿತ. ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿಗೆ ಫೋನ್ ಮಾಡಿ ಕೇಳಲೂಬಹುದು.

ನಾನು ಇವೆಲ್ಲಕ್ಕಿಂತ ಮೊದಲು ನೋಡುವುದು ಆಕಾಶವನ್ನು. ಹೂಕೋಸಿನ ಹಾಗೆ ಉಬ್ಬುಬ್ಬಿದ ಬಿಳಿ ಮೋಡ ನೋಡನೋಡುತ್ತ ಬೆಳೆದರೆ ಎಚ್ಚರ. ಅದರ ತಲೆ ಚಪ್ಪಟೆಯಾಗಿ ಒಂದು ಕಡೆಗೆ ಹರಡಿತೋ, ಬುಡ ಕಪ್ಪಾಯಿತೋ, ರಾಶಿ ಮುಚ್ಚಿ. ಸೆಕೆಯ ನಡುವೆ ಫಕ್ಕನೆ ತಣ್ಣನೆ ಗಾಳಿ ಧೂಳೆಬ್ಬಿಸಿಕೊಂಡು ಬಂದರೆ ತೀರಾ ತಡವಾಯಿತು ಅಂತಲೇ ತಿಳಿಯಿರಿ. ಅದು ಆಗಲೇ ಮಳೆ ಸುರಿಸುತ್ತಿರುವ ಮೋಡದಿಂದ ಇಳಿದು ಬಂದ ಗಾಳಿ. ದಾರಿಯಲ್ಲಿ ಸಿಕ್ಕ ಬಿಸಿ ಗಾಳಿಯನ್ನು ಮೇಲಕ್ಕೆ ತಳ್ಳಿ ಹೊಸ ಮೋಡ ಹುಟ್ಟಿಸುವುದೂ ಅದೇ. ಎಲ್ಲೂ ಇಲ್ಲದ ಮಳೆ ನಿಮ್ಮ ಕಣದ ಮೇಲೆ ಬಿತ್ತಲ್ಲ, ಅದು ಹೀಗೂ ಹುಟ್ಟಿರಬಹುದು.

ಹದಿನೈದು ದಿನ ಮುಂಚೆಯೇ ‘ನಿಮ್ಮ ತಾಲ್ಲೂಕಿಗೆ ಇಂಥ ದಿನ, ಇಷ್ಟು ಗಂಟೆಗೆ ಮಳೆ’ ಅಂತ ವಿಡಿಯೊ ಮಾಡುವವರನ್ನು ದಯವಿಟ್ಟು ನಂಬಬೇಡಿ. ಬೇಸಿಗೆಯ ಗುಡುಗು ಮಳೆಗೆ ಹಾಗೆ ಗಂಟೆ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ. ಹತ್ತು ಊರು ಹೇಳಿದರೆ ಎರಡು ಊರಿಗೆ ಬಂದೇ ಬರುತ್ತದೆ. ಆ ಎರಡನ್ನೇ ಮರುದಿನ ತೋರಿಸುತ್ತಾರೆ. ಅವರ ಮಾತು ಕೇಳಿ ಬೀಜ, ಗೊಬ್ಬರಕ್ಕೆ ದುಡ್ಡು ಹಾಕಿ ಸೋತವರನ್ನು ನೋಡಿದ್ದೇನೆ. ಸಿಟ್ಟು ಬರುತ್ತದೆ.

ಪ್ರಶ್ನೆ: ಬಿಸಿಲು ಜಾಸ್ತಿಯಾದರೆ ಮುಂಗಾರು ಚೆನ್ನಾಗಿ ಆಗುತ್ತದಂತೆ, ಹೌದಾ? (ತಿಪಟೂರು)

ಇಲ್ಲ. ಮುಂಗಾರು ನಿಮ್ಮೂರಿನ ಬಿಸಿಲು ನೋಡಿ ಬರುವುದಿಲ್ಲ.

ಪ್ರಶ್ನೆ: ನನ್ನ ಕಾರಿನಲ್ಲಿ 43 ಡಿಗ್ರಿ ತೋರಿಸುತ್ತದೆ, ಇಲಾಖೆ 37 ಅನ್ನುತ್ತದೆ. ಮುಚ್ಚಿಡುತ್ತಾರಾ? (ಬೆಂಗಳೂರು)

ನಿಮ್ಮ ಕಾರು ಅಳೆಯುವುದು ಕಾದ ಡಾಂಬರಿನ ಮೇಲಿನ ಬಿಸಿಯನ್ನು. ಇಲಾಖೆ ಅಳೆಯುವುದು ನೆರಳಿನ ಪೆಟ್ಟಿಗೆಯೊಳಗಿನ ಗಾಳಿಯನ್ನು. ಬೆಂಗಳೂರಿನ ಏಪ್ರಿಲ್ ದಾಖಲೆಯೇ 2016ರ 39.2 ಡಿಗ್ರಿ.

ಪ್ರಶ್ನೆ: ಇಲ್ಲಿ ಸೆಕೆಗೆ ಸಾಯುವ ಹಾಗಾಗಿದೆ, ಆದರೂ ಬಿಸಿ ಅಲೆ ಅಂತ ಘೋಷಿಸಲಿಲ್ಲ. ಯಾಕೆ? (ಮಂಗಳೂರು)

ಬಯಲು ಸೀಮೆಯಲ್ಲಿ 40, ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಬೇಕು. ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಜಾಸ್ತಿ ಇರಬೇಕು. ಆದರೆ ನಿಮ್ಮಲ್ಲಿ ತೊಂದರೆ ಕೊಡುವುದು ತೇವ. ಬೆವರು ಆರದಿದ್ದರೆ ಮೈ ತಣ್ಣಗಾಗುವುದಿಲ್ಲ. 35 ಡಿಗ್ರಿಯಲ್ಲೂ ಜನ ಕುಸಿದು ಬೀಳುತ್ತಾರೆ. ಘೋಷಣೆಗೆ ಕಾಯಬೇಡಿ. ಹನ್ನೊಂದರಿಂದ ನಾಲ್ಕರವರೆಗೆ ಕೂಲಿಯವರನ್ನು ಬಿಸಿಲಿಗೆ ಇಳಿಸಬೇಡಿ.

ಪ್ರಶ್ನೆ: ಸಿಡಿಲು ಬಡಿದವರನ್ನು ತಿಪ್ಪೆಯಲ್ಲಿ ಹುಗಿದರೆ ಕರೆಂಟ್ ಇಳಿದು ಬದುಕುತ್ತಾರೆ ಅಂತ ನಮ್ಮ ಹಿರಿಯರು ಹೇಳುತ್ತಾರೆ. ಅಂಗಳಕ್ಕೆ ಕಬ್ಬಿಣ ಎಸೆದರೆ ಸಿಡಿಲು ಬರುವುದಿಲ್ಲವಂತೆ. ನಿಜವಾ? (ಸುರಪುರ)

ಎರಡೂ ಸುಳ್ಳು. ಮೊದಲನೆಯದು ಜೀವ ತೆಗೆಯುವ ಸುಳ್ಳು. ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಮುಟ್ಟಿದರೆ ನಿಮಗೇನೂ ಆಗುವುದಿಲ್ಲ. ನಿಂತಿರುವುದು ಅವರ ಎದೆಬಡಿತ, ಉಸಿರು. ತಿಪ್ಪೆ ಅಗೆಯುವ ಆ ಹತ್ತು ನಿಮಿಷದಲ್ಲಿ ಬದುಕಬಹುದಾದವರೂ ಸಾಯುತ್ತಾರೆ. ಗುಡುಗು ಇನ್ನೂ ಇದ್ದರೆ ಮೊದಲು ಅವರನ್ನು ಸೂರಿನ ಕೆಳಗೆ ತನ್ನಿ. ಒಬ್ಬರು 108ಕ್ಕೆ ಫೋನ್ ಮಾಡಿ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ, ಎರಡು ಇಂಚು ಇಳಿಯುವಂತೆ ಒತ್ತಿ. ಗಾಡಿ ಬರುವವರೆಗೂ ಬಿಡಬೇಡಿ.

ಮಿಂಚು ಕಂಡು ಗುಡುಗು ಕೇಳುವಷ್ಟರಲ್ಲಿ ಮೂವತ್ತು ಎಣಿಸಲು ಆಗದಿದ್ದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ. ಕುರಿ, ದನ ಬಿಟ್ಟಾದರೂ ಗೋಡೆ, ಸೂರು ಇರುವ ಮನೆ ಸೇರಿಕೊಳ್ಳಿ. ಬೇವಿನ ಮರದ ಬುಡ ಬೇಡ, ತಗಡಿನ ಗುಡಿಸಲೂ ಬೇಡ. ಕಡೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಗೆ ಬರಬೇಡಿ. ಮಳೆ ನಿಂತಿತು ಅಂತ ಬೇಗ ಹೊಲಕ್ಕೆ ಹೊರಟವರೂ ಸತ್ತಿದ್ದಾರೆ. ಸಿಡಿಲಿನ ಎಚ್ಚರಿಕೆ ಕೊಡುವ ‘ದಾಮಿನಿ’ ಇಲ್ಲವೇ ‘ಸಿಡಿಲು’ ಆ್ಯಪ್ ಇವತ್ತೇ ಫೋನಿಗೆ ಹಾಕಿಕೊಳ್ಳಿ. ಕುರಿ ಕಾಯಲು ಹೋಗುವ ಹುಡುಗರ ಫೋನಿಗೂ ಹಾಕಿಕೊಡಿ.