ರ‍್ಯಾಮ್ ಅಲ್ಲ, ಮಾರ್ಚ್=ನೇಟಿವ್ ಕಾರಣ

ಜಯನಗರದ ಮನೆಯ ರೈಜೆನ್ 5600 ಡೆಸ್ಕ್‌ಟಾಪಿನಲ್ಲಿ ಜೆಂಟೂ (ಸಾಫ್ಟ್‌ವೇರನ್ನು ನಾವೇ ಕಂಪೈಲ್ ಮಾಡಿಕೊಳ್ಳುವ ಲಿನಕ್ಸ್) ಪ್ಯಾಕೇಜ್ ಬಿಲ್ಡ್ ಮಾಡಿ, ಅದನ್ನೇ ನಾಲ್ಕನೇ ತಲೆಮಾರಿನ ಐ5 ಲ್ಯಾಪ್‌ಟಾಪಿಗೆ ಹಾಕಿದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ (ಪ್ರೊಸೆಸರ್‌ಗೆ ಗೊತ್ತಿಲ್ಲದ ಆದೇಶ) ಎರರ್ ಬರುತ್ತಿದೆ, ರ‍್ಯಾಮ್ ಹೋಗಿದೆಯಾ ಅಂತ ಕೇಳಿದ್ದೀರಿ. ಸುಮ್ನೆ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹೋಗಿ ದುಡ್ಡು ಕಳೆಯಬೇಡಿ. ನಿಮ್ಮ ಮೇಕ್.ಕಾನ್ಫ್ ಸೆಟ್ಟಿಂಗ್ ಫೈಲಿನಲ್ಲಿರುವ ‘-ಮಾರ್ಚ್=ನೇಟಿವ್’ (ಯಾವ ಪ್ರೊಸೆಸರ್‌ಗೆ ಕೋಡ್ ಕಟ್ಟಬೇಕು ಅಂತ ಹೇಳುವ ಆಯ್ಕೆ) ಕಂಪೈಲ್ ಮಾಡುವ ಯಂತ್ರವನ್ನು ಮಾತ್ರ ನೋಡುತ್ತದೆ, ಆ ರೈಜೆನ್‌ನಲ್ಲಿರುವ ಎಷ್ಟೋ ಇನ್‌ಸ್ಟ್ರಕ್ಷನ್‌ಗಳು ನಿಮ್ಮ ಐ5ನ ತಲೆಮಾರಾದ 2013ರ ಹ್ಯಾಸ್ವೆಲ್‌ನಲ್ಲಿ ಇಲ್ಲವೇ ಇಲ್ಲ.

ಅದರ ಬದಲು ‘-ಮಾರ್ಚ್=ಎಕ್ಸ್86-64-ವಿ3’ ಬರೆಯಿರಿ. ಎವಿಎಕ್ಸ್2, ಎಫ್‌ಎಂಎ, ಬಿಎಂಐ2 ಇನ್‌ಸ್ಟ್ರಕ್ಷನ್ ಗುಂಪುಗಳೆಲ್ಲ ಇದರಲ್ಲಿ ಸಿಗುತ್ತವೆ, ನಿಮ್ಮ ಎರಡೂ ಪ್ರೊಸೆಸರ್ ಇದನ್ನು ನಡೆಸುತ್ತವೆ. ಕಂಪೈಲರ್ ಜಿಸಿಸಿ 11 ಅಥವಾ ಅದಕ್ಕಿಂತ ಹೊಸದು ಇರಬೇಕು ಅಷ್ಟೇ.

ಜಾಸ್ತಿ ಜನ ಮರೆಯುವುದು ಸಿಪಿಯು_ಫ್ಲ್ಯಾಗ್ಸ್_ಎಕ್ಸ್86 ಅನ್ನುವ ಸೆಟ್ಟಿಂಗನ್ನು. ಇದು ಮಾರ್ಚ್‌ಗಿಂತ ಬೇರೆ: ವಿಡಿಯೊ ಸಾಫ್ಟ್‌ವೇರ್ ಎಫ್‌ಎಫ್‌ಎಂಪೆಗ್‌ನಂಥ ಪ್ಯಾಕೇಜ್‌ಗಳಲ್ಲಿ ಕೈಯಿಂದ ಬರೆದ ಅಸೆಂಬ್ಲಿ ಕೋಡ್ ಸೇರಬೇಕೋ ಬೇಡವೋ ಅನ್ನುವುದನ್ನು ಇದು ಹೇಳುತ್ತದೆ. ಎರಡೂ ಯಂತ್ರದಲ್ಲಿ ಈ ಫ್ಲ್ಯಾಗ್‌ಗಳನ್ನು ತೋರಿಸುವ ಸಿಪಿಯುಐಡಿ2ಸಿಪಿಯುಫ್ಲ್ಯಾಗ್ಸ್ ಕಮಾಂಡ್ ಓಡಿಸಿ, ಎರಡರಲ್ಲೂ ಇರುವುದನ್ನು ಮಾತ್ರ ಉಳಿಸಿಕೊಳ್ಳಿ. ಎಸ್‌ಎಸ್‌ಇ4ಎ, ಎಸ್‌ಎಚ್‌ಎ ರೈಜೆನ್‌ನಲ್ಲಿ ಮಾತ್ರ ಕಾಣಿಸುತ್ತವೆ, ಅವನ್ನು ತೆಗೆಯಿರಿ.

ಇಷ್ಟು ಬದಲಿಸಿ ಎಮರ್ಜ್ ಕಮಾಂಡಿಗೆ ‘--ಚೇಂಜ್ಡ್-ಯೂಸ್’ (ಯೂಸ್ ಫ್ಲ್ಯಾಗ್ ಬದಲಾದವನ್ನು ಮಾತ್ರ ಮತ್ತೆ ಕಟ್ಟುವ ಆಯ್ಕೆ) ಕೊಟ್ಟರೆ ಸಾಲದು, ಮಾರ್ಚ್ ಬದಲಾಗಿದ್ದು ಜೆಂಟೂವಿನ ಪ್ಯಾಕೇಜ್ ಮ್ಯಾನೇಜರ್ ಪೋರ್ಟೇಜ್‌ಗೆ ತಿಳಿಯುವುದೇ ಇಲ್ಲ. ‘ಎಮರ್ಜ್ --ಎಂಪ್ಟಿಟ್ರೀ @ವರ್ಲ್ಡ್’ ಕೊಟ್ಟು ಎಲ್ಲವನ್ನೂ ಮತ್ತೆ ಕಟ್ಟಲೇಬೇಕು, ಹಳೇ ಬೈನರಿ ಪ್ಯಾಕೇಜ್‌ಗಳನ್ನು ಮೊದಲೇ ಅಳಿಸಿ, ಇಲ್ಲದಿದ್ದರೆ ಲ್ಯಾಪ್‌ಟಾಪ್ ಅವನ್ನೇ ಎಳೆದುಕೊಳ್ಳಬಹುದು. ರಾತ್ರಿ ಹಾಕಿ ಬಿಡಿ. ಮಳೆ ಬಂದು ಕರೆಂಟ್ ಹೋದರೆ ‘ಎಮರ್ಜ್ --ರೆಸ್ಯೂಮ್’ ಇದೆಯಲ್ವಾ, ಅರ್ಧಕ್ಕೆ ನಿಂತ ಪ್ಯಾಕೇಜ್ ಒಂದನ್ನು ಮೊದಲಿನಿಂದ ಮಾಡಿ ಮುಂದಕ್ಕೆ ಹೋಗುತ್ತದೆ.