ಕಷ್ಟದ ಕೆಲ್ಸ ಮೊದ್ಲು ಮಾಡಿ ಅಂತಾರಲ್ಲ, ಹೆಂಗೆ ಮಾಡೋದು?

ಪ್ರಶ್ನೆ: ಸರ್, ದಾವಣಗೆರೆ ಮಂಡಿಪೇಟೆಲಿ ಒಂದು ಹೋಲ್‌ಸೇಲ್ ಕಿರಾಣಿ ಅಂಗಡಿಲಿ ಲೆಕ್ಕ ಬರೀತೀನಿ. ಬೆಳಿಗ್ಗೆ ಬಂದ ತಕ್ಷಣ ವಾಟ್ಸಾಪ್ ಆರ್ಡರ್ ನೋಡ್ತೀನಿ, ಬಿಲ್ ಹಾಕ್ತೀನಿ, ಕ್ಯಾಶ್ ಎಣಿಸ್ತೀನಿ, ಟೀ, ಮತ್ತೆ ಬಿಲ್ಲು. ರಾತ್ರಿ ಎಂಟರ ತನಕ ಸೀಟು ಬಿಟ್ಟು ಏಳಲ್ಲ. ಆದ್ರೂ ಜಿಎಸ್‌ಟಿ ಕೆಲ್ಸ ಪ್ರತಿ ತಿಂಗ್ಳು 19ನೇ ತಾರೀಕು ರಾತ್ರಿಗೇ ಬಂದು ನಿಲ್ಲುತ್ತೆ, ಸಾಹುಕಾರ್ರ ಹತ್ರ ಬೈಸ್ಕೊಳ್ಳೋದು ತಪ್ಪಲ್ಲ. ಏನ್ ಮಾಡ್ಲಿ?

ಉತ್ತರ: ನೀವು ಸೋಮಾರಿ ಅಲ್ರಿ, ಮೊದ್ಲು ಅದನ್ನ ತಲೆಯಿಂದ ತೆಗೀರಿ. ಸೋಮಾರಿ ಆದವ್ನು ಎಂಟು ಗಂಟೆ ತನಕ ಕೂರಲ್ಲ. ಸಣ್ಣ ಕೆಲ್ಸ ಮುಗ್ಸಿದಾಗ ಮನ್ಸಿಗೆ ಒಂದು ಖುಷಿ ಸಿಗುತ್ತೆ, ಬಿಲ್ ಹಾಕಿದ್ರೆ ಒಂದು ಮುಗೀತು, ಇನ್ನೊಂದ್ ಹಾಕಿದ್ರೆ ಇನ್ನೊಂದ್ ಮುಗೀತು, ಹಿಂಗೇ ಮಧ್ಯಾಹ್ನ ಆಗ್ಬಿಡುತ್ತೆ. ಇದು ಬರೀ ನಿಮ್ಮ ಕಥೆ ಅಲ್ಲ. ಅಮೆರಿಕದಲ್ಲಿ ಆಸ್ಪತ್ರೆ ತುರ್ತು ವಿಭಾಗದ ಡಾಕ್ಟರ್‌ಗಳ ಮೇಲೆ ಮಾಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿದ್ದು: ರಶ್ ಜಾಸ್ತಿ ಆದಷ್ಟೂ ಅವ್ರು ಸುಲಭದ ಪೇಷಂಟ್‌ಗಳನ್ನೇ ಆರಿಸ್ಕೊಳ್ತಾರೆ, ಆ ಹೊತ್ತಿಗೆ ಕೆಲ್ಸ ಬೇಗ ಸಾಗಿದಂಗೆ ಕಾಣುತ್ತೆ, ಆದ್ರೆ ಅದೇ ಅಭ್ಯಾಸ ಆದವ್ರು ದೀರ್ಘಾವಧಿಲಿ ಹಿಂದೆ ಬೀಳ್ತಾರೆ.

ಈಗ ನಿಮ್ಮ ಕೆಲ್ಸಕ್ಕೇ ಬರೋಣ. ಜಿಎಸ್‌ಟಿ ಕಷ್ಟ ಅಂತೀರಿ, ಅದ್ರಲ್ಲಿ ಯಾವುದು ಕಷ್ಟ ಹೇಳ್ರಿ? 3ಬಿ, ಅಂದ್ರೆ ತಿಂಗ್ಳ ತೆರಿಗೆ ಲೆಕ್ಕದ ರಿಟರ್ನ್, ಫೈಲ್ ಮಾಡೋದಾ? ಅದು ಅರ್ಧ ಗಂಟೆ ಕೆಲ್ಸ. ಖರೀದಿ ಪುಸ್ತಕಾನ 2ಬಿ (ಸಪ್ಲೈಯರ್‌ಗಳು ಅಪ್‌ಲೋಡ್ ಮಾಡಿದ ಬಿಲ್‌ಗಳ ಪಟ್ಟಿ) ಜೊತೆ ತಾಳೆ ನೋಡೋದು ಸ್ವಲ್ಪ ತಲೆನೋವು, ಆದ್ರೆ ಕೂತ್ರೆ ಆಗುತ್ತೆ. ನನ್ನ ಅಂದಾಜು ಏನಂದ್ರೆ ನೀವು ನಿಜವಾಗ್ಲೂ ತಪ್ಪಿಸ್ಕೊಳ್ತಿರೋದು ಒಂದು ಫೋನ್ ಕಾಲ್. ಬಿಲ್ ಅಪ್‌ಲೋಡ್ ಮಾಡದೇ ಇರೋ ಸಪ್ಲೈಯರ್‌ಗೆ ಫೋನ್ ಹಚ್ಚಿ "ಅಣ್ಣಾ, ನಮ್ ಬಿಲ್ ಇನ್ನೂ ಹಾಕಿಲ್ವಲ್ಲ" ಅನ್ಬೇಕು, ಅವ್ರು "ನಾಳೆ ಹಾಕಿಸ್ತೀನಿ ಬಿಡು ತಮ್ಮಾ" ಅಂತಾರೆ, ಮತ್ತೆ ನಾಳೆನೂ ಕೇಳ್ಬೇಕು, ಅವ್ರು ಸಾಹುಕಾರ್ರಿಗೆ ಬೇಕಾದವ್ರು ಬೇರೆ. ಈ ಮುಜುಗರಕ್ಕೇ ಇಡೀ ಕೆಲ್ಸ 19ಕ್ಕೆ ಹೋಗಿ ಕೂರೋದು.

ತಾರೀಕು ನೋಡ್ಕೊಳ್ರಿ. ತಿಂಗಳಿಗೊಮ್ಮೆ ಫೈಲ್ ಮಾಡೋ ಸಪ್ಲೈಯರ್ ತನ್ನ ಜಿಎಸ್‌ಟಿಆರ್-1 (ಮಾರಾಟದ ಬಿಲ್‌ಗಳ ರಿಟರ್ನ್) ಹಾಕೋಕೆ 11 ಕೊನೆ, ನಿಮಗೆ 2ಬಿ ಬರೋದು 14ಕ್ಕೆ, ನಿಮ್ಮ 3ಬಿಗೆ 20 ಕೊನೆ. ಅಂದ್ರೆ 14 ಆದ್ಮೇಲೆ ಫೋನ್ ಮಾಡಿ ಕಿರುಚಿದ್ರೂ ಬಿಟ್ಟೋದ ಬಿಲ್ ಈ ತಿಂಗ್ಳ 2ಬಿಗೆ ಬರಲ್ಲ, ಮುಂದಿನ ತಿಂಗ್ಳಿಗೆ ಹೋಗುತ್ತೆ, ಅಲ್ಲೀತನಕ ಆ ಕ್ರೆಡಿಟ್ (ಖರೀದಿಲಿ ಆಗ್ಲೇ ಕೊಟ್ಟ ತೆರಿಗೆನ ಮುರ್ಕೊಳ್ಳೋ ಅನುಕೂಲ) ಇಲ್ದೆ ಸಾಹುಕಾರ್ರು ಕೈಯಿಂದ ಕಟ್ಬೇಕು. ಅವ್ರು ಬೈಯೋದಕ್ಕೆ ಅರ್ಥ ಇದೆ. 20 ದಾಟಿದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟಬೇಕಾದ ತೆರಿಗೆ ಮೇಲೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ.

ಹಂಗಾಗಿ ನಿಮ್ಮ ಕಷ್ಟದ ಕೆಲ್ಸದ ಟೈಮು 19 ಅಲ್ಲ, 5ರಿಂದ 10ರ ಒಳಗೆ. ದಿನಾ ಮೂರೇ ಮೂರು ಸಪ್ಲೈಯರ್, ವಾಟ್ಸಾಪ್ ತೆಗೆಯೋಕೆ ಮುಂಚೆ. ಯಾರಿಗೆ ಅಂತ ಬೆಳಿಗ್ಗೆ ಯೋಚ್ನೆ ಮಾಡ್ಬೇಡಿ, ಹಿಂದಿನ ರಾತ್ರಿ ಗಲ್ಲಾ ಮುಚ್ಚೋವಾಗ್ಲೇ ಹೆಸ್ರು, ನಂಬರ್ರು, ಬಿಲ್ ನಂಬರ್ರು ಒಂದು ಚೀಟಿಲಿ ಬರ್ದು ಕೀಬೋರ್ಡ್ ಮೇಲೆ ಇಟ್ಟು ಹೋಗ್ರಿ. ಇದು ಅಜ್ಜಿ ಮದ್ದಲ್ಲ, ಪೀಟರ್ ಗೋಲ್ವಿಟ್ಜರ್ ಅನ್ನೋ ಮನಃಶಾಸ್ತ್ರಜ್ಞರು 1999ರಲ್ಲೇ ಇದನ್ನ ವಿವರಿಸಿ ಬರ್ದಿದಾರೆ, "ಮಾಡ್ಬೇಕು" ಅಂತ ಬರೀ ಅನ್ಕೊಳ್ಳೋದಕ್ಕಿಂತ "ಇಷ್ಟೊತ್ತಿಗೆ, ಇಲ್ಲಿ ಕೂತು, ಇದನ್ನ ಮಾಡ್ತೀನಿ" ಅಂತ ನಿಗದಿ ಮಾಡ್ಕೊಂಡ್ರೆ ಕೆಲ್ಸ ಆಗೋ ಸಾಧ್ಯತೆ ಜಾಸ್ತಿ. ಬೆಳಿಗ್ಗೆ ಲಾರಿ ಬಂದು ಹಮಾಲ್ರ ಗಲಾಟೆ ಇದ್ರೆ ಹನ್ನೊಂದು ಗಂಟೆಗೆ ಇಟ್ಕೊಳ್ರಿ, ತೊಂದ್ರೆ ಇಲ್ಲ. ಊಟ ಆದ್ಮೇಲೆ ಮಾತ್ರ ಬೇಡ, ಎರಡು ಗಂಟೆ ಸುಮಾರಿಗೆ ಯಾರಿಗಾದ್ರೂ ತಲೆ ಮಂಕಾಗುತ್ತೆ, ರೊಟ್ಟಿ ಜಾಸ್ತಿ ತಿಂದ್ರಂತೂ ಕೇಳೋದೇ ಬೇಡ. ಸಾಹುಕಾರ್ರಿಗೂ ಈ 11, 14, 20ರ ಲೆಕ್ಕ ಕೂರಿಸಿ ಹೇಳ್ರಿ, ದುಡ್ಡಿನ ಮಾತು ಅವ್ರಿಗೆ ಬೇಗ ಅರ್ಥ ಆಗುತ್ತೆ. ಆಮೇಲೆ ಫೋನ್ ಮಾಡೋ ಆ ಅರ್ಧ ಗಂಟೆ ನಿಮ್ಮನ್ನ ಕೌಂಟರ್‌ಗೆ ಕರೆಯಲ್ಲ.

ಪ್ರಶ್ನೆ: ಚಿತ್ರದುರ್ಗದಲ್ಲಿ ರೂಮ್ ಮಾಡ್ಕೊಂಡು ಕೆಎಎಸ್‌ಗೆ ಓದ್ತಿದೀನಿ. ಮೆಂಟಲ್ ಎಬಿಲಿಟಿ ನಂಗೆ ಭಯ. ಕಷ್ಟದ ಸಬ್ಜೆಕ್ಟ್ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓದು ಅಂತ ಅಪ್ಪ ಫೋನ್ ಮಾಡಿ ಹೇಳ್ತಾರೆ. ಎದ್ದು ಕೂತ್ರೆ ಒಂದು ಲೆಕ್ಕಾನೂ ತಲೆಗೆ ಹೋಗಲ್ಲ ಮೇಡಂ ಅಥವಾ ಸರ್.

ಉತ್ತರ: ಸರ್ರೇ ಇರ್ಲಿ ತಂಗಿ. ಅಪ್ಪಂಗೆ ನಾಲ್ಕು ಗಂಟೆ ಸರಿ ಹೋಗಿರ್ಬಹುದು, ಹೊಲಕ್ಕೆ ಹೋಗೋವ್ರಿಗೆ ಅದೇ ಸರಿ. ಎದ್ದ ಮೇಲೆ ಹದಿನೈದಿಪ್ಪತ್ತು ನಿಮಿಷ, ಕೆಲವ್ರಿಗೆ ಇನ್ನೂ ಹೆಚ್ಚು, ಮೆದುಳು ಪೂರ್ತಿ ಎಚ್ಚರ ಆಗಿರಲ್ಲ, ನಿದ್ದೆ ಕಮ್ಮಿ ಆಗಿದ್ರೆ ಇದು ಇನ್ನೂ ಜೋರು. ಜೊತೆಗೆ ಇಪ್ಪತ್ತರ ಆಸುಪಾಸಿನವ್ರಿಗೆ ನಿದ್ದೆ ಗಡಿಯಾರ ಸಹಜವಾಗೇ ತಡವಾಗಿ ಓಡುತ್ತೆ. ಹನ್ನೆರಡಕ್ಕೆ ಮಲಗಿ ನಾಲ್ಕಕ್ಕೆ ಎದ್ರೆ ಲೆಕ್ಕ ಅಲ್ಲ, ದಿನಪತ್ರಿಕೆ ಹೆಡ್ಡಿಂಗೂ ತಲೆಗೆ ಹತ್ತಲ್ಲ.

ಒಂದು ವಾರ ಸುಮ್ನೆ ಗಮನಿಸು, ಯಾವ ಹೊತ್ತಲ್ಲಿ ಎರಡು ಸಲ ಓದದೇ ಅರ್ಥ ಆಗುತ್ತೆ ಅಂತ. ಅದು ಎಂಟು ಗಂಟೆ ಇರ್ಲಿ, ಸಂಜೆ ಆರೇ ಇರ್ಲಿ, ಆ ಒಂದು ಗಂಟೆ ಮೆಂಟಲ್ ಎಬಿಲಿಟಿಗೆ ಬರ್ದು ಕೊಡು. ಮೊದ್ಲ ಹತ್ತು ನಿಮಿಷ ಗೊತ್ತಿರೋ ಲೆಕ್ಕ ಎರಡು ಮಾಡು, ಕೈ ಬಿಸಿ ಆಗ್ಲಿ, ಆಮೇಲೆ ಗೊತ್ತಿಲ್ದಿರೋ ತರದ್ದು. ಮೊಬೈಲ್ ಪಕ್ಕದ ರೂಮಿನ ಗೆಳತಿ ಹತ್ರ ಕೊಟ್ಟಿರು.

ಇನ್ನೊಂದು ಮಾತು, ಇದನ್ನ ಬಹಳ ಜನ ತಲೆಕೆಳಗು ಮಾಡ್ತಾರೆ. ಕಷ್ಟದ್ದು ಮೊದ್ಲು ಅನ್ನೋದು ಓದೋ ಟೇಬಲ್‌ಗೆ ಮಾತ್ರ, ಪರೀಕ್ಷೆ ಹಾಲ್‌ಗೆ ಅಲ್ಲ. ಪ್ರಿಲಿಮ್ಸ್‌ನಲ್ಲಿ ಒಂದೊಂದು ಪೇಪರ್‌ಗೆ ಎರಡು ಗಂಟೆ, 100 ಪ್ರಶ್ನೆ, 200 ಅಂಕ, ಸುಲಭದ್ದಕ್ಕೂ ಎರಡೇ ಮಾರ್ಕ್ಸು, ಕಷ್ಟದ್ದಕ್ಕೂ ಎರಡೇ, ತಪ್ಪಾದ್ರೆ ಕಾಲು ಭಾಗ ಕಳೀತಾರೆ. ಅಲ್ಲಿ ಸುಲಭದ್ದು ಬಾಚ್ಕೊಂಡು ಆಮೇಲೆ ಕಷ್ಟದ್ದಕ್ಕೆ ಹೋಗು. ಅಪ್ಪಂಗೆ ಫೋನ್‌ನಲ್ಲಿ ವಾದ ಮಾಡೋಕೆ ಹೋಗ್ಬೇಡ, ಮಾಕ್ ಟೆಸ್ಟ್ ಮಾರ್ಕ್ಸ್ ಹೇಳು ಸಾಕು.

ಪ್ರಶ್ನೆ: ದಾವಣಗೆರೆ ವಿನೋಬನಗರದಲ್ಲಿ ಮನೇಲೇ ಟೈಲರಿಂಗ್ ಮಾಡ್ತೀನಿ. ಫಾಲ್ ಹಚ್ಚೋದು, ಹುಕ್ ಹಾಕೋದು ಎಲ್ಲಾ ಮುಗಿಯುತ್ತೆ, ರೇಷ್ಮೆ ಬ್ಲೌಸ್ ಕಟಿಂಗ್ ಮಾತ್ರ ಉಳ್ಕೊಂಡು ಮದ್ವೆ ಹಿಂದಿನ ರಾತ್ರಿ ಕೂರೋ ಹಂಗಾಗುತ್ತೆ. ಬೆಳಿಗ್ಗೆ ಮಕ್ಳು, ಅಡುಗೆ, ನಲ್ಲಿ ನೀರು, ಟೈಮೇ ಇಲ್ಲ.

ಉತ್ತರ: ಅಕ್ಕಾ, ನಿಮ್ಗೆ ಬೆಳಿಗ್ಗೆ ಆರು ಗಂಟೆ ಬೆಳಿಗ್ಗೆ ಅಲ್ಲವೇ ಅಲ್ಲ. ಮಕ್ಳು ಸ್ಕೂಲಿಗೆ ಹೋಗಿ ಪಾತ್ರೆ ಎಲ್ಲಾ ಆದ್ಮೇಲೆ ಶುರುವಾಗೋದು ನಿಮ್ಮ ದಿನ, ಅಲ್ಲಿಂದ ಮೊದ್ಲ ಗಂಟೆ ಕಟಿಂಗ್‌ಗೆ. ಕತ್ತರಿ ಹಾಕಿದ ರೇಷ್ಮೆ ವಾಪಸ್ ಕೂಡಲ್ಲ, ಗಿರಾಕಿ ಸೀರೆ ಜೊತೆ ಬಂದ ಪೀಸು, ಇನ್ನೊಂದು ಸಿಗಲ್ಲ, ಅದಕ್ಕೇ ಕೈ ಹಿಂಜರಿಯೋದು. ಹಂಗಾಗಿ ಕೆಲ್ಸಾನ ಎರಡು ಮಾಡ್ರಿ. ಸಂಜೆ ಅಳತೆ ಬ್ಲೌಸ್ ಇಟ್ಟು ಬರೀ ಅಸ್ತರ್ ಬಟ್ಟೆ ಕತ್ತರಿಸಿ ಇಟ್ಬಿಡಿ, ತಪ್ಪಾದ್ರೂ ಹೋಗೋದು ಅಸ್ತರ್ ತಾನೆ. ಮಾರ್ನೇ ದಿನ ಬೆಳಕಲ್ಲಿ ಅಳತೆ ಇನ್ನೊಂದ್ಸಲ ನೋಡಿ, ಅಸ್ತರ್‌ನ ರೇಷ್ಮೆ ಮೇಲೆ ಇಟ್ಟು ಬಾರ್ಡರ್ ಕೂಡಿಸಿ ಕತ್ತರಿ ಹಾಕ್ರಿ. ಎರಡು ಮೂರು ಬ್ಲೌಸ್ ಇದ್ರೆ ಒಟ್ಟಿಗೇ. ಹುಕ್ಕು, ಹೆಮ್ಮಿಂಗು ಸಂಜೆ ಟಿವಿ ನೋಡ್ತಾ ಆಗುತ್ತೆ. ಮದ್ವೆ ಸೀಸನ್ನಲ್ಲಿ ಬಟ್ಟೆ ತಗೊಳ್ಳೋವಾಗ್ಲೇ ಮದ್ವೆ ತಾರೀಕು ಕೇಳಿ, ಅದಕ್ಕಿಂತ ನಾಲ್ಕು ದಿನ ಮುಂಚಿನ ತಾರೀಕು ಚೀಟಿಲಿ ಬರ್ದು ಪಿನ್ ಮಾಡ್ರಿ, ಗಿರಾಕಿಗೂ ಅದನ್ನೇ ಹೇಳ್ರಿ.