ಕಾರ್ಡಿನ ಕಾಲು ಉದ್ದ, ಹಾಸಿಗೆ ಗಿಡ್ಡ: ಯಾವ ಮಾನಿಟರ್ ಕೊಳ್ಳಲಿ?

ಪ್ರಶ್ನೆ: ಕಳೆದ ತಿಂಗಳು ಕಂಪ್ಯೂಟರಿಗೆ ಆರ್‌ಟಿಎಕ್ಸ್ 4070 ಟಿಐ ಸೂಪರ್ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ. ಮಾನಿಟರ್ ಮಾತ್ರ ಹಳೆಯದು: 24 ಇಂಚು, 1080ಪಿ, 60 ಹರ್ಟ್ಜ್. ಪರದೆಯ ಮೂಲೆಯಲ್ಲಿ ಎಫ್‌ಪಿಎಸ್ 190 ಎಂದು ತೋರಿಸುತ್ತದೆ. ಆದರೆ ಹಳೆಯ ಕಾರ್ಡಿಗೂ ಇದಕ್ಕೂ ಕಣ್ಣಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುತ್ತಿಲ್ಲ. 4ಕೆ ಮಾನಿಟರ್ ಇಲ್ಲದಿದ್ದರೆ ಇಂಥ ಕಾರ್ಡ್ ದಂಡ ಎಂದು ಒಬ್ಬ ಗೆಳೆಯ ಹೇಳುತ್ತಾನೆ; 1440ಪಿ, 240 ಹರ್ಟ್ಜ್ ಸಾಕು ಎಂದು ಇನ್ನೊಬ್ಬ. ಸಂಜೆ ಗೆಳೆಯರ ಜೊತೆ ಕೌಂಟರ್-ಸ್ಟ್ರೈಕ್ 2, ರಾತ್ರಿ ಒಬ್ಬನೇ ಸೈಬರ್‌ಪಂಕ್ 2077 ಆಡುತ್ತೇನೆ. ಹಗಲಲ್ಲಿ ಅದೇ ಮೇಜಿನ ಮೇಲೆ ಕಚೇರಿ ಕೆಲಸ. ಯಾವುದನ್ನು ಆರಿಸಲಿ?

ಉತ್ತರ: ಮೂಲೆಯಲ್ಲಿ ಕಾಣುವ ಆ 190 ನಿಮ್ಮ ಕಾರ್ಡ್ ಸೆಕೆಂಡಿಗೆ ಬಿಡಿಸಿದ ಚಿತ್ರಗಳ ಲೆಕ್ಕ, ನೀವು ನೋಡಿದ ಚಿತ್ರಗಳ ಲೆಕ್ಕವಲ್ಲ. 60 ಹರ್ಟ್ಜ್ ಮಾನಿಟರ್ ಸೆಕೆಂಡಿಗೆ 60 ಸಲ ಮಾತ್ರ ಪರದೆಯನ್ನು ಹೊಸದಾಗಿಸುತ್ತದೆ. ಮಿಕ್ಕ ಚಿತ್ರಗಳು ಒಂದೋ ಕಾಣದೆ ಹೋಗುತ್ತವೆ, ಇಲ್ಲವೇ ಅರ್ಧ ಹಿಂದಿನದು ಅರ್ಧ ಮುಂದಿನದು ಎಂಬಂತೆ ಸೀಳಿಕೊಂಡು ಬರುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆಯನ್ನು ನಿಮ್ಮ ಕಾರ್ಡ್ ಬೇರೆ ದಾರಿಯಿಲ್ಲದೆ ಪಾಲಿಸುತ್ತಿದೆ. ಆಟದಲ್ಲಿ ಬರಹವಿರುವ ಒಂದು ಗೋಡೆಯ ಮುಂದೆ ನಿಂತು, ಮೌಸನ್ನು ಎಡಕ್ಕೂ ಬಲಕ್ಕೂ ಸರಸರನೆ ಆಡಿಸಿ ನೋಡಿ. 60 ಹರ್ಟ್ಜ್‌ನಲ್ಲಿ ಅಕ್ಷರಗಳು ಕಲಸಿಹೋಗುತ್ತವೆ. ಒಳ್ಳೆಯ 144 ಹರ್ಟ್ಜ್ ಪರದೆಯಲ್ಲಿ ಅದೇ ಬರಹವನ್ನು ಕಣ್ಣು ಬಹುಮಟ್ಟಿಗೆ ಹಿಡಿಯುತ್ತದೆ.

ಗೆಳೆಯರಿಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಪಿಕ್ಸೆಲ್ ಎಣಿಸುತ್ತಿದ್ದಾರೆ, ಇನ್ನೊಬ್ಬರು ವೇಗ ಎಣಿಸುತ್ತಿದ್ದಾರೆ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ, 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ಅಂದರೆ 1440ಪಿಯಿಂದ 4ಕೆಗೆ ಹೋದರೆ ಪ್ರತಿ ಚಿತ್ರಕ್ಕೂ ಎರಡೂಕಾಲು ಪಟ್ಟು ಪಿಕ್ಸೆಲ್ ತುಂಬಬೇಕು. ಕೌಂಟರ್-ಸ್ಟ್ರೈಕ್‌ನಂಥ ಹಗುರ ಆಟಕ್ಕೆ ನಿಮ್ಮ ಕಾರ್ಡ್ ಅದನ್ನೂ ಹೊರುತ್ತದೆ. ಸೈಬರ್‌ಪಂಕ್‌ನಲ್ಲಿ ಪಾತ್ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿಯನ್ನೇ ಲೆಕ್ಕ ಹಾಕಿ ಬಿಡಿಸುವ ವಿಧಾನ) ಹಾಕಿ, ಡಿಎಲ್‌ಎಸ್‌ಎಸ್ (ಕಡಿಮೆ ಪಿಕ್ಸೆಲ್ ಬಿಡಿಸಿ ಹಿಗ್ಗಿಸುವ ಸೌಲಭ್ಯ) ಇಲ್ಲದೆ 4ಕೆಯಲ್ಲಿ ಆಡುತ್ತೇನೆಂದರೆ ಏದುಸಿರು ಬಿಡುತ್ತದೆ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಕಿಲ್ಲ. ಹೊಸ ಮಾನಿಟರ್ ಕೊಳ್ಳುವ ಮೊದಲೇ, ಈಗಿರುವ ಹಳೆಯ ಮಾನಿಟರಿನಲ್ಲೇ ಪರೀಕ್ಷೆ ಮಾಡಬಹುದು. ಇದು ಗೊತ್ತಿರುವವರು ಕಡಿಮೆ ಎಂಬುದು ನನಗೆ ಸದಾ ಅಚ್ಚರಿ. ನಿಮ್ಮ ಕಾರ್ಡಿನ ಕಂಪನಿಯಾದ ಎನ್‌ವಿಡಿಯಾದ ಕಂಟ್ರೋಲ್ ಪ್ಯಾನೆಲ್‌ನ ತ್ರೀಡಿ ಸೆಟ್ಟಿಂಗ್‌ಗಳಲ್ಲಿ ಡಿಎಸ್‌ಆರ್ ಎಂಬ ಸಾಲು ಇದೆ. ಅಲ್ಲಿ 1.78 ಮತ್ತು 4.00 ಎಂಬೆರಡಕ್ಕೂ ಗುರುತು ಹಾಕಿ. ಆಟದ ರೆಸಲ್ಯೂಷನ್ ಪಟ್ಟಿಯಲ್ಲಿ ಈಗ 2560×1440 ಮತ್ತು 3840×2160 ಕಾಣಿಸಿಕೊಳ್ಳುತ್ತವೆ. ಕಾರ್ಡ್ ನಿಜವಾಗಿಯೂ ಅಷ್ಟು ಪಿಕ್ಸೆಲ್ ಬಿಡಿಸಿ, ನಿಮ್ಮ ಪರದೆಗೆ ತಕ್ಕಂತೆ ಕುಗ್ಗಿಸಿ ಕೊಡುತ್ತದೆ. ಚಿತ್ರದ ಸ್ಪಷ್ಟತೆಯನ್ನು ಇದರಿಂದ ಅಳೆಯಲಾಗದು, ಆದರೆ ಎಫ್‌ಪಿಎಸ್ ಬಹುಪಾಲು ನಾಳೆ ಸಿಗುವಷ್ಟೇ ಇರುತ್ತದೆ. ವಿ-ಸಿಂಕ್ (ಎಫ್‌ಪಿಎಸ್ ಅನ್ನು ಪರದೆಯ ವೇಗಕ್ಕೆ ಕಟ್ಟಿಹಾಕುವ ಆಯ್ಕೆ) ಆಫ್ ಮಾಡಿ, ನೀವು ಆಡುವ ಜಾಗಗಳಲ್ಲೇ, ಗದ್ದಲದ ಬೀದಿಯಲ್ಲಿ, ಗುಂಡಿನ ಚಕಮಕಿಯಲ್ಲಿ ಹತ್ತು ನಿಮಿಷ ಆಡಿ, ಕಂಡ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಎಎಂಡಿ ಕಂಪನಿಯ ಕಾರ್ಡ್ ಇರುವವರಿಗೆ ಇದೇ ಸೌಲಭ್ಯ ವರ್ಚುವಲ್ ಸೂಪರ್ ರೆಸಲ್ಯೂಷನ್ ಎಂಬ ಹೆಸರಿನಲ್ಲಿದೆ.

ಈ ಪರೀಕ್ಷೆಯಲ್ಲಿ ಇನ್ನೊಂದು ಗುಟ್ಟೂ ಹೊರಬೀಳುತ್ತದೆ. ಕೌಂಟರ್-ಸ್ಟ್ರೈಕ್‌ನಲ್ಲಿ 1080ಪಿಗೂ 1440ಪಿಗೂ ಎಫ್‌ಪಿಎಸ್ ಹೆಚ್ಚುಕಡಿಮೆ ಒಂದೇ ಬಂದರೆ, ತಡೆಯುತ್ತಿರುವುದು ಕಾರ್ಡ್ ಅಲ್ಲ, ಕಂಪ್ಯೂಟರಿನ ಮುಖ್ಯ ಚಿಪ್ ಆದ ಸಿಪಿಯು. ಆಗ 240 ಹರ್ಟ್ಜ್ ಮಾನಿಟರ್ ತಂದರೂ ಮೊದಲು ಸಿಪಿಯು ಕಡೆ ನೋಡಬೇಕಾಗುತ್ತದೆ.

ವೇಗದ ಲೆಕ್ಕವನ್ನು ಹರ್ಟ್ಜ್‌ನಲ್ಲಿ ನೋಡಬೇಡಿ, ಮಿಲಿಸೆಕೆಂಡಿನಲ್ಲಿ ನೋಡಿ. 60 ಹರ್ಟ್ಜ್‌ನಲ್ಲಿ ಚಿತ್ರದಿಂದ ಚಿತ್ರಕ್ಕೆ 16.7 ಮಿಲಿಸೆಕೆಂಡ್, 144ರಲ್ಲಿ 6.9, 240ರಲ್ಲಿ 4.2. ಮೊದಲ ನೆಗೆತದಲ್ಲಿ ಸುಮಾರು ಹತ್ತು ಮಿಲಿಸೆಕೆಂಡ್ ಉಳಿಯಿತು, ಎರಡನೆಯದರಲ್ಲಿ ಮೂರಕ್ಕೂ ಕಡಿಮೆ. ಹಾಗಾಗಿ 60ರಿಂದ ಮೇಲೇರುವವರಿಗೆ 144 ಆದರೂ 165 ಆದರೂ ಅದು ಬೇರೆಯದೇ ಲೋಕ. 240 ಅದರ ಮೇಲಿನ ನಯಗಾರಿಕೆ.

ಇನ್ನು ಸ್ಪಷ್ಟತೆ. ಟೇಪು ತೆಗೆದುಕೊಂಡು, ದಿನವೂ ಕೂರುವ ಹಾಗೇ ಕುಳಿತು, ಕಣ್ಣಿನಿಂದ ಪರದೆಗೆ ಎಷ್ಟು ದೂರವೆಂದು ಅಳೆಯಿರಿ. 27 ಇಂಚಿನ 1440ಪಿ ಪರದೆಯಲ್ಲಿ ಒಂದು ಪಿಕ್ಸೆಲ್ ಸುಮಾರು 0.23 ಮಿಲಿಮೀಟರ್ ಅಗಲ. ಸಾಮಾನ್ಯ ದೃಷ್ಟಿಯ ಕಣ್ಣಿಗೆ ಅದು ಸುಮಾರು 80 ಸೆಂಟಿಮೀಟರ್ ದೂರದಲ್ಲಿ ಪಕ್ಕದ ಪಿಕ್ಸೆಲ್‌ನೊಂದಿಗೆ ಬೆರೆತುಹೋಗುತ್ತದೆ. ಅದೇ ಅಳತೆಯ 4ಕೆ ಪರದೆಯಲ್ಲಿ ಪಿಕ್ಸೆಲ್ 0.16 ಮಿಲಿಮೀಟರಿನಷ್ಟು, 55 ಸೆಂಟಿಮೀಟರ್ ಹತ್ತಿರ ಬಂದರೂ ಬಿಡಿಯಾಗಿ ಕಾಣದು. ನೀವು ಹಿಂದಕ್ಕೆ ಒರಗಿ ಆಡುವವರಾದರೆ 27 ಇಂಚಿನಲ್ಲಿ 4ಕೆಯ ಲಾಭ ಬಹುಪಾಲು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. 32 ಇಂಚಿಗೆ ಹೋದರೆ ಮಾತ್ರ ಲೆಕ್ಕ ತಿರುಗುತ್ತದೆ: ಅಲ್ಲಿ 1440ಪಿ ನಿಮ್ಮ ಈಗಿನ 24 ಇಂಚಿನ ಮಾನಿಟರಿನಷ್ಟೇ ಒರಟು, 4ಕೆಯೇ ಸರಿ.

ನಿಮಗೆ ನನ್ನ ಸಲಹೆ 27 ಇಂಚು, 1440ಪಿ, 165 ಹರ್ಟ್ಜ್ ಅಥವಾ ಅದಕ್ಕಿಂತ ಮೇಲಿನದು, ಐಪಿಎಸ್ ಪ್ಯಾನೆಲ್ (ಎಲ್‌ಸಿಡಿ ಪರದೆಯ ಒಂದು ಬಗೆ). ಸಂಜೆಯ ಆಟಕ್ಕೆ ವೇಗ ಸಿಗುತ್ತದೆ, ರಾತ್ರಿಯ ಆಟದಲ್ಲಿ ಬೆಳಕು ನೆರಳುಗಳಿಗೆ ಕಾರ್ಡಿನ ಶಕ್ತಿ ಉಳಿಯುತ್ತದೆ. ಕೌಂಟರ್-ಸ್ಟ್ರೈಕ್ ಬಿಟ್ಟು ಸೈಬರ್‌ಪಂಕ್ ಒಂದೇ ಆಡುತ್ತೇನೆ ಎಂದು ಬರೆದಿದ್ದರೆ ನನ್ನ ಉತ್ತರ 32 ಇಂಚಿನ 4ಕೆ ಕಡೆಗೆ ವಾಲುತ್ತಿತ್ತು. ಡಿಎಲ್‌ಎಸ್‌ಎಸ್‌ನ ಕ್ವಾಲಿಟಿ ಆಯ್ಕೆಯಲ್ಲಿ ಕಾರ್ಡ್ ಒಳಗೆ ಬಿಡಿಸುವುದು 1440ಪಿ ಚಿತ್ರವನ್ನೇ, ಆಮೇಲೆ ಅದನ್ನು 4ಕೆಗೆ ಹಿಗ್ಗಿಸುತ್ತದೆ. ಹಾಗಾಗಿ 4ಕೆ ಎಂದರೆ ಬೆಚ್ಚಿಬೀಳುವ ಕಾಲ ಈಗಿಲ್ಲ.

ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುವ ಓಎಲ್‌ಇಡಿ ಪರದೆಯ ಕಪ್ಪು ನಿಜವಾದ ಕಪ್ಪು, ಅದರ ಚುರುಕಿನ ಮುಂದೆ ಐಪಿಎಸ್ ನಿಲ್ಲದು. ಆದರೂ ಹಗಲೆಲ್ಲ ಕಚೇರಿ ಕೆಲಸ ಎಂದಿರಿ. ಕದಲದ ಟಾಸ್ಕ್‌ಬಾರ್, ಬಿಳಿಯ ಸ್ಪ್ರೆಡ್‌ಶೀಟ್ ಗಂಟೆಗಟ್ಟಲೆ ನಿಂತರೆ ಕಾಲಕ್ರಮೇಣ ಅಲ್ಲೇ ಅಚ್ಚೊತ್ತಿದಂಥ ಕಲೆ ಉಳಿಯುವ ಅಪಾಯವಿದೆ. ಆಟಕ್ಕೇ ಮೀಸಲಾದ ಮಾನಿಟರಾದರೆ ಕಣ್ಣು ಮುಚ್ಚಿ ಅದನ್ನೇ ಹೇಳುತ್ತಿದ್ದೆ. ಎಲ್‌ಸಿಡಿಯ ಇನ್ನೊಂದು ಬಗೆಯಾದ ವಿಎ ಪ್ಯಾನೆಲ್‌ನಲ್ಲಿ ಕಪ್ಪು ಐಪಿಎಸ್‌ಗಿಂತ ಗಾಢ, ಆದರೆ ಅಗ್ಗದವುಗಳಲ್ಲಿ ಕತ್ತಲ ದೃಶ್ಯಗಳು ಚಲಿಸುವಾಗ ಮಸಿ ಬಳಿದಂತೆ ಹಿಂದೆ ಗೆರೆ ಎಳೆಯುತ್ತವೆ. ಪಿಕ್ಸೆಲ್ ಬಣ್ಣ ಬದಲಿಸಲು ಹಿಡಿಯುವ ಸಮಯವೆಂದು ಪೆಟ್ಟಿಗೆಯ ಮೇಲೆ ಹಾಕುವ 1 ಮಿಲಿಸೆಕೆಂಡ್ ಎಂಬ ಬರಹವನ್ನು ನಾನು ಓದುವುದನ್ನೇ ಬಿಟ್ಟಿದ್ದೇನೆ.

ಪ್ರಶ್ನೆ: 165 ಹರ್ಟ್ಜ್ ಮಾನಿಟರ್ ಕೊಂಡು ಎರಡು ವಾರವಾಯಿತು. ಹಳೆಯದಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಮೋಸ ಹೋದೆನೇ?

ಉತ್ತರ: ಬಹುಶಃ ಇಲ್ಲ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆಯಿರಿ. ಹೊಸ ಮಾನಿಟರ್ ಎಷ್ಟೋ ಸಲ ಅಲ್ಲಿ 60ರಲ್ಲೇ ಕುಳಿತಿರುತ್ತದೆ. ಪಟ್ಟಿಯಲ್ಲಿ 165 ಇಲ್ಲವೇ ಇಲ್ಲ ಎಂದಾದರೆ ಕೇಬಲ್ ನೋಡಿ. ಎಷ್ಟೋ ಮಾನಿಟರ್‌ಗಳಲ್ಲಿ ಎಚ್‌ಡಿಎಂಐ ಕಿಂಡಿಗೆ ಮಿತಿ ಇರುತ್ತದೆ, ಪೂರ್ತಿ ವೇಗ ಸಿಗುವುದು ಡಿಸ್‌ಪ್ಲೇಪೋರ್ಟ್‌ನಲ್ಲಿ. ಆಮೇಲೆ ನಾಚಿಕೆಪಡದೆ ಕಂಪ್ಯೂಟರಿನ ಹಿಂಬದಿಗೆ ಹೋಗಿ ನೋಡಿ: ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿದೆಯೋ, ಮೇಲಿನ ಮದರ್‌ಬೋರ್ಡ್ ಕಿಂಡಿಗೋ? ಈ ತಪ್ಪನ್ನು ನಾನೇ ಒಮ್ಮೆ ಮಾಡಿ, ಇಡೀ ಸಂಜೆ ಡ್ರೈವರ್‌ಗಳನ್ನು ಅಳಿಸಿ ಮತ್ತೆ ಹಾಕುತ್ತ ಕುಳಿತಿದ್ದೆ.

ಪ್ರಶ್ನೆ: ನನ್ನದು ಎನ್‌ವಿಡಿಯಾ ಕಾರ್ಡ್. ಮೆಚ್ಚಿದ ಮಾನಿಟರಿನ ಮೇಲೆ ಫ್ರೀಸಿಂಕ್ ಎಂದಿದೆ. ಹೊಂದುತ್ತದೆಯೇ?

ಉತ್ತರ: ಫ್ರೀಸಿಂಕ್ ಎಂದರೆ ಕಾರ್ಡ್ ಚಿತ್ರ ಕೊಟ್ಟಾಗಲೇ ಪರದೆ ಹೊಸದಾಗುವಂತೆ ಮಾಡುವ ಎಎಂಡಿಯ ತಂತ್ರ; ಎನ್‌ವಿಡಿಯಾದಲ್ಲಿ ಅದರ ಹೆಸರು ಜಿ-ಸಿಂಕ್. 2019ರಿಂದ ಎನ್‌ವಿಡಿಯಾ ಫ್ರೀಸಿಂಕ್ ಮಾನಿಟರ್‌ಗಳಿಗೂ ಬಾಗಿಲು ತೆರೆದಿದೆ. ಡಿಸ್‌ಪ್ಲೇಪೋರ್ಟ್ ಕೇಬಲ್ ಬಳಸಿ, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಜಿ-ಸಿಂಕ್ ಆನ್ ಮಾಡಿ. ಆಟದ ಎಫ್‌ಪಿಎಸ್ ಮಿತಿಯನ್ನು ಮಾನಿಟರಿನ ಹರ್ಟ್ಜ್‌ಗಿಂತ ಮೂರು ನಾಲ್ಕು ಕಡಿಮೆ ಇಡಿ, 144ಕ್ಕೆ 140ರಂತೆ. ಎಫ್‌ಪಿಎಸ್ ಮಾನಿಟರಿನ ಹರ್ಟ್ಜ್ ದಾಟಿದರೆ ಸಿಂಕ್ ಬಿಟ್ಟುಹೋಗಿ ಚಿತ್ರ ಮತ್ತೆ ಸೀಳುತ್ತದೆ. ಕತ್ತಲ ದೃಶ್ಯದಲ್ಲಿ ಪರದೆ ಮಿಣುಕತೊಡಗಿದರೆ ಆ ಮಾನಿಟರನ್ನು ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ನಿರ್ಧರಿಸಿ.

ಪ್ರಶ್ನೆ: ನನ್ನ ಮಾನಿಟರಿನ ಮೇಲೆ ಡಿಸ್‌ಪ್ಲೇಎಚ್‌ಡಿಆರ್ 400 ಎಂದಿದೆ. ಎಚ್‌ಡಿಆರ್ (ಹೊಳಪು ಕತ್ತಲುಗಳ ಅಂತರ ಹೆಚ್ಚಿಸಿ ತೋರಿಸುವ ವಿಧಾನ) ಆನ್ ಮಾಡಿದರೆ ಬಣ್ಣವೆಲ್ಲ ಪೇಲವವಾಗುತ್ತದೆ. ದೋಷ ಕಾರ್ಡಿನದೋ?

ಉತ್ತರ: ಕಾರ್ಡಿನದಲ್ಲ. ನಿಮ್ಮ ಮಾನಿಟರಿಗಿರುವ ಡಿಸ್‌ಪ್ಲೇಎಚ್‌ಡಿಆರ್ 400 ಎಂಬ ದರ್ಜೆ ಪಡೆಯಲು ಪರದೆಯ ಹಿಂಬೆಳಕನ್ನು ಭಾಗ ಭಾಗವಾಗಿ ಮಂಕು ಮಾಡುವ ಸಾಮರ್ಥ್ಯ ಇರಲೇಬೇಕೆಂಬ ನಿಯಮವಿಲ್ಲ. ಅದಿಲ್ಲದಿದ್ದರೆ ಒಂದು ಮೂಲೆಯ ದೀಪ ಹೊಳೆಯಲೆಂದು ಪಕ್ಕದ ಕತ್ತಲೂ ಬೆಳ್ಳಗಾಗುತ್ತದೆ. ವಿಂಡೋಸ್ ಕೀ, ಆಲ್ಟ್ ಮತ್ತು ಬಿ ಕೀಗಳನ್ನು ಒಟ್ಟಿಗೆ ಒತ್ತಿದರೆ ಎಚ್‌ಡಿಆರ್ ಆರುತ್ತದೆ; ಮತ್ತೆ ಒತ್ತಿದರೆ ಹೊತ್ತುತ್ತದೆ. ನಿಮ್ಮ ಮಾನಿಟರಿನಲ್ಲಿ ಅದು ಆರಿಯೇ ಇರಲಿ.